ಗುಂಡಿ

ಡುಲೂತ್ ಊರಿನ ಸರ್ಕಾರಿ ರಕ್ಷಣಾ ವಕೀಲರ ಕಚೇರಿಗೆ
ಹೊಸ ವೆಬ್‌ಸೈಟು, ಹೊಸ ಲಾಂಛನ, ಹೊಸ ಬಣ್ಣ.
ಆರು ವಾರದ ಗಡುವು.
ಟೆಂಡರು ನನಗಾದದ್ದು ಕೈಚಳಕಕ್ಕಲ್ಲ,
ಎಲ್ಲರಿಗಿಂತ ಕಡಿಮೆ ದುಡ್ಡು ಕೇಳಿದ್ದಕ್ಕೆ.

ಹಳೆಯ ಮುಖಪುಟದಲ್ಲಿ ಒಂದು ತಕ್ಕಡಿ.
ಮೇಲಿನ ಮಹಡಿಯ ಪ್ರಾಸಿಕ್ಯೂಟರರದ್ದೂ ಅದೇ ತಕ್ಕಡಿ,
ಅದೇ ಕಡುನೀಲಿ, ಅದೇ ದಪ್ಪಕ್ಷರ.
ಕಟ್ಟುವವರೂ ಬಿಚ್ಚುವವರೂ ಒಂದೇ ಅಂಗಿ ತೊಟ್ಟರೆ
ಸಿಕ್ಕಿಬಿದ್ದವನು ಯಾರ ಮುಖ ನೋಡಬೇಕು?
ತಕ್ಕಡಿ ಅಳಿಸಿದೆ.
ಫೋಟೊ ಇಳಿಸಿದ ಗೋಡೆಯ ಹಾಗೆ
ಪರದೆಯ ಮೇಲೆ ಬಿಳಿ ಚೌಕವೊಂದು ಉಳಿಯಿತು.

ಮುಖ್ಯಸ್ಥೆ ಕಾರ್ಲೀನ್ ಹ್ಯಾಕೊಲಾ ಕೇಳಿದ್ದು
ನಂಬಿಕೆ ಹುಟ್ಟಿಸುವ ನೀಲಿ.
ಹದಿನಾಲ್ಕು ನೀಲಿ ಹರಡಿದೆ ಮೇಜಿನ ಮೇಲೆ.
ಒಂದು ಪೊಲೀಸರದ್ದು, ಒಂದು ಬ್ಯಾಂಕಿನದು,
ಒಂದಂತೂ ಥೇಟು ಟೂತ್‌ಪೇಸ್ಟು.
"ಸರೋವರದ್ದೇ ಹಾಕಿಬಿಡಿ" ಎಂದರು ಯಾರೋ.
ಎಲ್ಲರೂ ಕಿಟಕಿಗೆ ತಿರುಗಿದೆವು.
ಸುಪೀರಿಯರ್ ಆ ದಿನ ಬೂದಿ ಬಣ್ಣ.

ಲಾಂಛನಕ್ಕೆ ನಾನು ಸೇತುವೆ ಬರೆದೆ.
ಹಡಗು ಬಂದರೆ ಮೈಪೂರ್ತಿ ಮೇಲೇಳುವ
ಈ ಊರಿನ ಕಬ್ಬಿಣದ ಸೇತುವೆ: ಎರಡು ಕಂಬ, ಒಂದು ಗೆರೆ.
ಸಭೆ ಚಪ್ಪಾಳೆ ತಟ್ಟಿತು.
(ಸಭೆಯಲ್ಲಿ ಎಲ್ಲರಿಗೂ ಸಂಬಳವಿತ್ತು.)

ಪರೀಕ್ಷೆಗೆ ಬಂದವಳು ರೇಲೀನ್ ಲಪ್ರೇರಿ,
ಮೀನಿನ ಗೋದಾಮಿನಲ್ಲಿ ರಾತ್ರಿ ಪಾಳಿ,
ಫೋನಿನ ಗಾಜು ಜೇಡನ ಬಲೆ.
ಹೆಬ್ಬೆರಳಲ್ಲಿ ಪುಟ ಸರಿಸಿದಳು, ನಿಂತಳು:
"ಇದೇ ಸೇತುವೆ ನನ್ನನ್ನು ಒಳಗೆ ಹಾಕಿಸಿದ್ದು."

ಅದಿರಿನ ಹಡಗಂತೆ, ಮುಗಿಯದಷ್ಟು ಉದ್ದ.
ಸೇತುವೆ ಎದ್ದಿತು, ಬಸ್ಸು ನಿಂತಿತು.
ಆಚೆ ದಡದ ಕೋರ್ಟಿನಲ್ಲಿ ಹೆಸರು ಕೂಗಿದರು,
ಓಗೊಡಲು ಅವಳಿಲ್ಲ. ವಾರಂಟು.
"ನಿಮಗಿದು ಚಿತ್ರ" ಎಂದಳು, ಸಿಟ್ಟಿಲ್ಲದೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ,
ನಮ್ಮಲ್ಲಿ ಹಾಗನ್ನುತ್ತಾರೆ.
ಹದಿನೆಂಟು ನಿಮಿಷ ತಡವಾದವಳಿಗೆ
ಆ ಗಾದೆಯಲ್ಲೂ ಜಾಗವಿಲ್ಲ.

ಸೇತುವೆಯನ್ನೂ ಅಳಿಸಿದೆ.
ಮತ್ತೆ ಅದೇ ಬಿಳಿ ಚೌಕ.

ಇಂಗ್ಲಿಷಿಗೆ ಮೊದಲು ಪಕ್ಕದ ಚೀಟಿಯಲ್ಲಿ
ಕನ್ನಡದಲ್ಲಿ ಗೀಚಿಕೊಳ್ಳುವುದು ನನ್ನ ಚಾಳಿ.
'ಪ್ರತಿವಾದಿ ಮಾಹಿತಿ' ಹೊಡೆದು ಹಾಕಿ
'ನನ್ನನ್ನು ಹಿಡಿದಿದ್ದಾರೆ' ಎಂದು ಬರೆದೆ.
'ಅಭಿರಕ್ಷೆ ವಿಚಾರಣೆ' ಹೊಡೆದು ಹಾಕಿ
'ನನ್ನ ಮಗ ಎಲ್ಲಿದ್ದಾನೆ'.
ಒಂದೊಂದರ ಸುತ್ತ ಚೌಕ, ಚೌಕದ ಪಕ್ಕ 'ಗುಂಡಿ'.
ಬರೆದ ಮೇಲೆ ನೋಡುತ್ತೇನೆ:
ಒತ್ತುವುದೂ ಗುಂಡಿ, ಬೀಳುವುದೂ ಗುಂಡಿ.
ಅಂಗಿಯಿಂದ ಕಿತ್ತು ಹೋಗುವುದೂ ಅದೇ.

ಐದನೆಯ ವಾರ, ಬರಿಗೈಯಲ್ಲಿ ಕಚೇರಿಗೆ ಹೋದಾಗ
ಬಾಗಿಲಿನ ಗಾಜಿನ ಮೇಲೆ ಕಾಗದವೊಂದು ಕಣ್ಣಿಗೆ ಬಿತ್ತು.
ಎಷ್ಟು ಸಲ ತಳ್ಳಿಕೊಂಡು ಒಳಗೆ ಹೋಗಿದ್ದೆನೋ!
ಸ್ವಾಗತದ ಮೇಜಿನ ವಿಲ್ಮಾಳ ಕೈಬರಹ,
ಟೇಪು ಹಳದಿಯಾಗಿದೆ, ಒಂದು ಮೂಲೆ ಎದ್ದಿದೆ:
'ಇದೇ ಬಾಗಿಲು. ಒಳಗೆ ಬನ್ನಿ. ನಾವು ಪೊಲೀಸರಲ್ಲ.'
"ಯಾವಾಗ ಅಂಟಿಸಿದ್ದು?"
"ಹನ್ನೊಂದು ವರ್ಷವಾಯಿತು.
ದಿನಾ ಕೇಳುತ್ತಿದ್ದರು. ಬಾಯಿ ನೋಯುತ್ತಿತ್ತು."

ಅದನ್ನೇ ಏರಿಸಿದೆ ಪುಟದ ನೆತ್ತಿಗೆ,
ಕೆಳಗೆ ಫೋನ್ ನಂಬರು, ಅಂಗೈಯಷ್ಟು ದಪ್ಪ.
ನೀಲಿ ಬಿಟ್ಟೆ. ಕಾಗದದ ಬಿಳಿ, ಮಾರ್ಕರಿನ ಕಪ್ಪು.
ಕಾರ್ಲೀನ್ ತುಂಬ ಹೊತ್ತು ನೋಡಿ
"ಇದಕ್ಕೆ ಇಷ್ಟು ದುಡ್ಡೇ?" ಎಂದು ಸಹಿ ಹಾಕಿದರು.

ಪುಟ ತೆರೆದು ತಿಂಗಳಾಯಿತು.
ಬೆರಳು ಎಲ್ಲೆಲ್ಲಿ ಬಿತ್ತೆಂದು
ಕೆಂಪು ಕಲೆಗಳಲ್ಲಿ ತೋರಿಸುವ ನಕ್ಷೆಯೊಂದಿದೆ.
ನನ್ನ ಚೌಕಗಳ ಮೇಲೆ ಅಲ್ಲಲ್ಲಿ ಕೆಂಪು.
ಆದರೆ ರಾತ್ರಿ ಎರಡು ಗಂಟೆಗೆ, ಮೂರಕ್ಕೆ, ಮೂರೂ ಹತ್ತಕ್ಕೆ
'ನಾವು ಪೊಲೀಸರಲ್ಲ' ಎಂಬಲ್ಲಿ
ಗಾಯದ ಹಾಗೆ ಕೆಂಪು.

ಅದು ಗುಂಡಿಯಲ್ಲ. ಬರೀ ಸಾಲು.
ಒತ್ತಿದರೆ ಏನೂ ತೆರೆಯುವುದಿಲ್ಲ.
ಆದರೂ ಒತ್ತಿದ್ದಾರೆ, ಒಬ್ಬರೇ ನಾಲ್ಕು ನಾಲ್ಕು ಸಲ.

ವಿಲ್ಮಾಳಿಗೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದಳು.
"ಬಾಗಿಲಲ್ಲೂ ಅಷ್ಟೇ," ಎಂದಳು,
"ಓದಿ, ಆಮೇಲೆ ಕಾಗದ ಮುಟ್ಟಿ ನೋಡುತ್ತಾರೆ.
ಆ ಮೂಲೆ ಎದ್ದದ್ದು ಹಾಗೆ."